ಮೂರನೇ ಕೊಡೆ

ಕಳೆದ ವರ್ಷ ಆಟಿ ತಿಂಗಳು ಮುಗಿಯುವ ಮೊದಲೇ ಮಗನಿಗೆ ಮೂರು ಕೊಡೆ ಕೊಡಿಸಿದ್ದೆ. ಮೊದಲನೆಯದು ಕಡ್ಡಿ ಮುರಿದುಕೊಂಡು ಬಂತು. ಎರಡನೆಯದು ಹಿಡಿಯೇ ಇಲ್ಲದೆ ಬಂತು. ಮಳೆಗಾಲದ ಕೊಡಗಿನಲ್ಲಿ ಕೊಡೆ ಮುರಿದರೆ ಯಾರು ಕಾರಣ ಕೇಳುತ್ತಾರೆ? ಗಾಳಿ ಅಂದರೆ ಮುಗಿಯಿತು. ಅವನೂ ಗಾಳಿ ಅಂದ, ನಾನೂ ಗಾಳಿ ಅಂದುಕೊಂಡೆ. ಬೆಟ್ಟಗೇರಿ ಕಡೆಯ ಗಾಳಿ ಗೊತ್ತಿದ್ದವರು ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಮೂರನೆಯದು ಮುರಿದ ದಿನ ಮಳೆ ಹೊಳವಾಗಿತ್ತು. ಬೆಳಗ್ಗೆಯಿಂದ ಒಂದು ಹನಿ ಇಲ್ಲ, ಅಂಗಳದ ಬಾಳೆ ಎಲೆ ಅಲುಗಿರಲಿಲ್ಲ. ಆದರೂ ಕೊಡೆಯ ಎಂಟೂ ಕಡ್ಡಿ ಒಂದೇ ಕಡೆಗೆ ಬಾಗಿದ್ದವು. ಯಾರೋ ಮೊಣಕಾಲಿಗೆ ಒತ್ತಿ ಬಗ್ಗಿಸಿದ ಹಾಗೆ. "ಗಾಳಿ" ಅಂದ. ಶೂ ಬಿಚ್ಚುತ್ತಾ ಕೂತಿದ್ದ. ತುಂಬಾ ಹೊತ್ತು ಬಿಚ್ಚುತ್ತಲೇ ಇದ್ದ.

ರಾತ್ರಿ ಕರೆಂಟ್ ಹೋದ ಮೇಲೆ ವಿಷಯ ಹೊರಗೆ ಬಂತು. (ಕತ್ತಲಲ್ಲಿ ಮಕ್ಕಳು ಜಾಸ್ತಿ ಮಾತಾಡುತ್ತಾರೆ. ಮಳೆಗಾಲದಲ್ಲಿ ನಮಗೆ ಕರೆಂಟ್ ಇಲ್ಲದ್ದು ಅದೊಂದು ಉಪಕಾರ ಮಾಡುತ್ತದೆ.) ಶಾಲೆಗೆ ಹೋಗುವ ಓಮ್ನಿಯಲ್ಲಿ ಏಳನೇ ಕ್ಲಾಸಿನ ಇಬ್ಬರು ಹುಡುಗರಿದ್ದಾರೆ. ಇವನು ನಾಲ್ಕನೇ ಕ್ಲಾಸು. ಇವನಿಗೆ ಮಾತಾಡುವಾಗ ಮೊದಲ ಅಕ್ಷರ ಸ್ವಲ್ಪ ಹಿಡಿಯುತ್ತದೆ. ಅವರು ಕೊಡೆ ಕಿತ್ತುಕೊಂಡು, "ಕೊಡೆ ಕೊಡಿ ಅಂತ ಸರಿಯಾಗಿ ಹೇಳು, ಕೊಡ್ತೀವಿ" ಅನ್ನುತ್ತಿದ್ದರಂತೆ. ಕ ಅಕ್ಷರವೇ ಇವನಿಗೆ ಕಷ್ಟ. ಹೇಳಲು ಹೋಗಿ ಸಿಕ್ಕಿಹಾಕಿಕೊಂಡರೆ ಇಡೀ ಓಮ್ನಿ ನಗುತ್ತಿತ್ತು. "ಮೊದಲೇ ಯಾಕೆ ಹೇಳಲಿಲ್ಲ ಮಗಾ?" ಅಂದೆ. "ಹೇಳಿದ್ರೆ ನೀನು ಸ್ಕೂಲಿಗೆ ಬರ್ತೀಯ. ನೀನು ಬಂದು ಹೋದ್ಮೇಲೆ ಅವರು ಇನ್ನೂ ಜಾಸ್ತಿ ಮಾಡ್ತಾರೆ" ಅಂದ. ಒಂಬತ್ತು ವರ್ಷದ ಹುಡುಗ ಇಷ್ಟೆಲ್ಲ ಲೆಕ್ಕ ಹಾಕಿ, ಒಳಗೆ ಇಟ್ಟುಕೊಂಡು, ದಿನಾ ಬೆಳಗ್ಗೆ ಅಕ್ಕಿರೊಟ್ಟಿ ತಿಂದು ಓಮ್ನಿ ಹತ್ತುತ್ತಿದ್ದ.

ಮಾರನೇ ದಿನ ಮನೆಯಲ್ಲಿ ಆಳಿಗೊಂದು ಮಾತು. ನನ್ನ ಮಾವ ಮಿಲಿಟರಿಯಲ್ಲಿದ್ದವರು. "ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಮಣ್ಣಿನಲ್ಲಿ ಹುಡುಗ ಕೊಡೆಗೋಸ್ಕರ ಅಳ್ತಾನಾ? ಮೂಗಿಗೆ ಒಂದು ಬಿಟ್ಟು ಬಾ ಅಂತ ಹೇಳಮ್ಮ" ಅಂದರು. ನನ್ನ ಗಂಡ ಶಾಲೆಗೆ ಹೋಗಿ ಬಂದರು. ಅಲ್ಲಿ, "ಮಕ್ಕಳ ಆಟ ಸಾರ್, ದೊಡ್ಡದು ಮಾಡಬೇಡಿ. ಹುಡುಗನನ್ನ ಸ್ವಲ್ಪ ಗಟ್ಟಿ ಮಾಡಿ" ಅಂದರಂತೆ. ಒಬ್ಬರು ಹೊಡಿ ಅಂದರು, ಇನ್ನೊಬ್ಬರು ಗಟ್ಟಿ ಮಾಡಿ ಅಂದರು. ಯೋಚಿಸಿದರೆ ಎರಡೂ ಒಂದೇ. ಓಮ್ನಿಯಲ್ಲಿ ಆಗುತ್ತಿದ್ದದ್ದನ್ನು ಸರಿಮಾಡುವ ಕೆಲಸವನ್ನು ಓಮ್ನಿಯಲ್ಲಿ ಎಲ್ಲರಿಗಿಂತ ಸಣ್ಣಗಿದ್ದವನ ತಲೆಗೆ ಕಟ್ಟಿದ್ದೆವು. ಆಗ ನನಗೆ ಹಾಗೆ ಹೊಳೆದಿರಲಿಲ್ಲ ಬಿಡಿ. ಆ ಶನಿವಾರವೇ ಮಡಿಕೇರಿಯ ಒಂದು ಕರಾಟೆ ಕ್ಲಾಸಿಗೆ ಸೇರಿಸಿದೆ. ನಿಜ ಹೇಳುತ್ತೇನೆ, ಶಿಸ್ತು, ಏಕಾಗ್ರತೆ, ಆರೋಗ್ಯ, ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಇವನು ಆ ಇಬ್ಬರಿಗೆ ಒಂದು ದಿನ ಸರಿಯಾಗಿ ಬಾರಿಸಬೇಕು. ಅಷ್ಟೇ ಇತ್ತು.

ಬೀಳುವುದು ಮೊದಲು

ಕ್ಲಾಸು ನಡೆಯುವುದು ಒಂದು ಹಳೆಯ ಹಾಲ್‌ನಲ್ಲಿ. ಮಳೆಗಾಲದಲ್ಲಿ ಒಳಗೆ ಕಾಲಿಟ್ಟರೆ ಒಣಗದ ಬಟ್ಟೆಯ ವಾಸನೆ. ನಮ್ಮ ಹುಡುಗನ ಬಿಳಿ ಯೂನಿಫಾರ್ಮಿಗೆ ಅದರ ಮೇಲೆ ಹೊಗೆಯ ವಾಸನೆ ಬೇರೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸದಿದ್ದರೆ ಅದು ದೀಪಾವಳಿವರೆಗೂ ಒಣಗುವುದಿಲ್ಲ. ಅಲ್ಲಿ ಅದನ್ನು 'ಗಿ' ಅನ್ನುತ್ತಾರೆ. ಗೋಡೆ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಅಪ್ಪ ಅಮ್ಮಂದಿರಿಗೆ. ಮೊದಲ ವಾರ ಮಕ್ಕಳಿಗೆ ಕಲಿಸಿದ್ದು ಸಾಲಾಗಿ ನಿಲ್ಲುವುದು, ಬಗ್ಗಿ ನಮಸ್ಕಾರ ಮಾಡುವುದು. ಎರಡನೇ ವಾರ ಬೀಳುವುದು. ಗದ್ದ ಎದೆಗೆ ಒತ್ತಿಕೊಂಡು, ಬೆನ್ನು ಗುಂಡಗೆ ಮಾಡಿ, ಅಂಗೈಯಿಂದ ನೆಲಕ್ಕೆ ಬಡಿದು ಬೀಳಬೇಕು. ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ, ಪೆಟ್ಟು ಒಂದೇ ಜಾಗಕ್ಕೆ ಹೋಗದೆ ಹಂಚಿಹೋಗುತ್ತದೆ. ಇದು ಮೂಲದಲ್ಲಿ ಜೂಡೋದವರ ಪಾಠ. 1882ರಲ್ಲಿ ಟೋಕಿಯೋದಲ್ಲಿ ಜಿಗೋರೊ ಕಾನೊ ಜೂಡೋ ಶಾಲೆ ಶುರುಮಾಡಿದಾಗಿನಿಂದ ಎತ್ತಿ ಒಗೆಯುವುದರ ಜೊತೆಗೇ ಬೀಳುವುದನ್ನೂ ಪಾಠವಾಗಿ ಕಲಿಸುತ್ತಾ ಬಂದಿದ್ದಾರೆ. ನಾನು ಕುರ್ಚಿಯಲ್ಲಿ ಕೂತು ಒಳಗೊಳಗೇ ಕುದಿಯುತ್ತಿದ್ದೆ. ತಿಂಗಳ ಫೀಸು ಕೊಟ್ಟು ಮಗನಿಗೆ ಬೀಳುವುದನ್ನು ಕಲಿಸಬೇಕಾ? ಅದು ಅವನಿಗೆ ಬರುತ್ತದಲ್ಲ!

ಮೂರನೇ ವಾರ ತಡೆಯಲಾಗದೆ ಕೇಳಿಯೇಬಿಟ್ಟೆ. "ಮಾಸ್ಟರ್, ಹೊಡೆಯೋದು ಯಾವಾಗ ಹೇಳಿಕೊಡ್ತೀರಿ?" ಅವರು ನಕ್ಕರು. "ಅಕ್ಕಾ, ನಿಮ್ಮ ಹುಡುಗ ಹೊಡೆತಕ್ಕೆ ಹೆದರ್ತಿಲ್ಲ. ಬೀಳ್ತೀನಿ, ಎಲ್ಲರೂ ನಗ್ತಾರೆ ಅಂತ ಹೆದರ್ತಾನೆ. ಇಲ್ಲಿ ದಿನಕ್ಕೆ ಐವತ್ತು ಸಲ ಬೀಳಲಿ. ಯಾರೂ ನಗಲ್ಲ, ಯಾಕಂದ್ರೆ ಎಲ್ಲರೂ ಬೀಳ್ತಿರ್ತಾರೆ." ನಾನು ಮತ್ತೆ ಬಾಯಿ ತೆರೆಯಲಿಲ್ಲ. ಆ ಮಾತು ನಿಜ ಅಂತ ಗೊತ್ತಾಗಲು ಇನ್ನೂ ಕೆಲವು ವಾರ ಬೇಕಾಯಿತು. ಮನೆಯಲ್ಲಿ ಲೋಟ ಕೈಜಾರಿ ಬಿದ್ದರೆ ಮುಖ ಸಣ್ಣ ಮಾಡಿಕೊಂಡು ಒಳಗೆ ಓಡುತ್ತಿದ್ದವನು, ಒಂದು ದಿನ ಅಂಗಳದ ಪಾಚಿಯಲ್ಲಿ ಜಾರಿ, ಅಂಗೈಯಿಂದ ನೆಲಕ್ಕೆ ಬಡಿದು, ಎದ್ದು, "ಅಮ್ಮಾ, ಸರಿಯಾಗಿ ಬಿದ್ದೆ ನೋಡು" ಅಂದ.

ಇನ್ನೊಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಕೂಗುವ ಪಾಠ. ಕರಾಟೆಯಲ್ಲಿ ಏಟಿನ ಜೊತೆ ಹೊಟ್ಟೆಯಿಂದ ಒಂದು ಕೂಗು ಹಾಕುತ್ತಾರಲ್ಲ, 'ಕಿಯಾಯ್' ಅಂತಾರೆ ಅದಕ್ಕೆ. ಉಸಿರು, ಮೈ, ಮನಸ್ಸು ಮೂರನ್ನೂ ಒಂದೇ ಗಳಿಗೆಗೆ ತರುವ ಕೂಗು. ಮಾಸ್ಟರ್ ಒಬ್ಬೊಬ್ಬರನ್ನೇ ಮುಂದೆ ಕರೆದು ಕೂಗಿಸಿದರು. ಒಂದು ಪುಟ್ಟ ಹುಡುಗಿ ಕೂಗಿದ ರಭಸಕ್ಕೆ ಕಿಟಕಿಯಲ್ಲಿ ಕೂತಿದ್ದ ಪಾರಿವಾಳ ಹಾರಿಹೋಯಿತು. ನಮ್ಮವನ ಸರದಿ ಬಂತು. ಮುಷ್ಟಿ ಮುಂದೆ ಹೋಯಿತು, ಬಾಯಿ ತೆರೆಯಿತು, ಗಂಟಲಿನ ನರ ಉಬ್ಬಿತು, ಸದ್ದು ಬರಲಿಲ್ಲ. ಇನ್ನೊಂದು ಸಲ. ಬರಲಿಲ್ಲ. ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಓಮ್ನಿಯಲ್ಲಿ ಆಗುತ್ತಿದ್ದದ್ದು ಇದೇ ಅಲ್ವಾ, ಈಗ ನನ್ನ ಕಣ್ಣೆದುರಿಗೆ. ಮಾಸ್ಟರ್ ಅವನ ಹತ್ತಿರ ಬಂದು ಮಂಡಿಯೂರಿ ಕೂತರು. "ಇದು ಮಾತಲ್ಲ ಮಗಾ. ಅಕ್ಷರ ಇಲ್ಲ. ತಪ್ಪಾಗೋಕೆ ಇದರಲ್ಲಿ ಏನೂ ಇಲ್ಲ. ಸುಮ್ನೆ ಉಸಿರು ಹೊರಗೆ ಹಾಕು." ಆಮೇಲೆ ಬಂದದ್ದು ಕೂಗಲ್ಲ, ಕೆಮ್ಮಿನ ಹಾಗೆ ಒಂದು ಸದ್ದು. "ಸಾಕು ಇವತ್ತಿಗೆ" ಅಂದರು. ಯಾರೂ ನಗಲಿಲ್ಲ. ವಾಪಸ್ ಬರುವಾಗ ಚೇರಂಬಾಣೆ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ತಿರುಗಿ ಕೂತು, ಬಾಯಿ ಮುಚ್ಚಿಕೊಂಡೇ ಹೊಟ್ಟೆ ಒಳಗೆ ಎಳೆದು ಬಿಟ್ಟು ಮಾಡುತ್ತಿದ್ದ. ಅಭ್ಯಾಸ.

ನಾನೂ ನಕ್ಕಿದ್ದೆ

ಮಗನಿಗೆ ಆಗುತ್ತಿದ್ದದ್ದಕ್ಕೆ ಇಂಗ್ಲಿಷಿನಲ್ಲಿ ಬುಲ್ಲಿಯಿಂಗ್ ಅನ್ನುತ್ತಾರೆ. ಅದಕ್ಕೆ ನಮ್ಮಲ್ಲಿ ಇರುವ ಮಾತುಗಳೇ ಹಗುರ. ರೇಗಿಸುವುದು, ಚುಡಾಯಿಸುವುದು, ಗೋಳು ಹೊಯ್ದುಕೊಳ್ಳುವುದು. ಎಲ್ಲದರಲ್ಲೂ ಆಟದ ಒಂದು ಎಳೆ ಇದೆ. 'ಕಾಟ' ಅನ್ನುವುದು ಸ್ವಲ್ಪ ಹತ್ತಿರ ಬರುತ್ತದೆ. ಇದನ್ನು ಮೊದಲು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲಿ ಒಬ್ಬರು ಡಾನ್ ಓಲ್ವೆಯುಸ್. ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. 1983ರಲ್ಲಿ ಅಲ್ಲಿನ ಶಾಲೆಗಳಲ್ಲಿ ಇದನ್ನು ತಡೆಯುವ ದೊಡ್ಡ ಕಾರ್ಯಕ್ರಮ ಶುರುಮಾಡಿದವರು. ಅವರ ಪ್ರಕಾರ ಮೂರು ಗುರುತು: ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಇಬ್ಬರ ಬಲ ಸಮ ಇಲ್ಲದಿರುವುದು. ಏಳನೇ ಕ್ಲಾಸಿನ ಇಬ್ಬರು, ನಾಲ್ಕನೇ ಕ್ಲಾಸಿನ ಒಬ್ಬ, ದಿನಾ, ಒಂದೇ ಕೊಡೆ. ಆಟ ಅಂದವರ ಮುಂದೆ ಈ ಮೂರನ್ನು ಇಡಬೇಕಿತ್ತು.

ಓಲ್ವೆಯುಸ್ ಆದ ಮೇಲೆ ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಳ್ಳಿ ಅನ್ನುವವರು ಬೇರೆ ಕಡೆ ನೋಡಿದರು. ಕಾಟ ಕೊಡುವವನು, ತಿನ್ನುವವನು ಬಿಡಿ, ಸುತ್ತ ಇರುವವರು ಏನು ಮಾಡುತ್ತಿರುತ್ತಾರೆ? 1996ರಲ್ಲಿ ಬಂದ ಅವರ ಅಧ್ಯಯನದಲ್ಲಿ ಎಲ್ಲರಿಗೂ ಒಂದೊಂದು ಪಾತ್ರ ಇದೆ. ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ಕಂಡೂ ಕಾಣದ ಹಾಗೆ ಇರುವವರು, ಅಡ್ಡ ಬರುವವರು. ಇದನ್ನು ಓದುವಾಗ ನಾನು ಮಗನನ್ನು ಹುಡುಕುತ್ತಾ ಓದುತ್ತಿದ್ದೆ. ಸಿಕ್ಕಿದ್ದು ನಾನು.

ನಾನು ಬೆಳೆದದ್ದು ಸುಂಟಿಕೊಪ್ಪದ ಕಡೆ. ಅಪ್ಪ ಎಸ್ಟೇಟಿನಲ್ಲಿ ರೈಟರ್, ಲೆಕ್ಕ ಬರೆಯುವ ಕೆಲಸ. ನಮಗೆ ಹೆಂಚಿನ ಕ್ವಾರ್ಟರ್ಸ್, ಕೆಲಸದವರಿಗೆ ಲೈನ್ ಮನೆ. ಲೈನ್ ಮನೆಯ ಒಂದು ಹುಡುಗಿ ನನ್ನದೇ ಕ್ಲಾಸು. ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ಅವಳ ಮೈಗೆ ಹೊಗೆಯ ವಾಸನೆ ಬರುತ್ತದೆ ಅಂತ ಬಸ್ಸಿನಲ್ಲಿ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವಳು ಕೂತ ಸೀಟಿನಿಂದ ಎದ್ದು ಹೋಗುತ್ತಿದ್ದರು. ನಾನು ಮೂಗು ಮುಚ್ಚಿಕೊಂಡವಳಲ್ಲ. ನಾನು ನಕ್ಕವಳು. ಎಸ್ಟೇಟ್ ಗೇಟಿನವರೆಗೆ ಅವಳ ಜೊತೆ ನಡೆದು ಬರುತ್ತಿದ್ದೆ, ನೆಲ್ಲಿಕಾಯಿ ಹಂಚಿಕೊಂಡು ತಿನ್ನುತ್ತಿದ್ದೆವು, ಬಸ್ಸು ಹತ್ತಿದ ಕೂಡಲೇ ನಗುವವರ ಜೊತೆ ನಗುತ್ತಿದ್ದೆ. ಎಂಟನೇ ಕ್ಲಾಸಿಗೆ ಅವಳು ಬರಲಿಲ್ಲ. ತೋಟದ ಕೆಲಸಕ್ಕೆ ಸೇರಿದಳು ಅಂದರು. ಬಡತನಕ್ಕೆ ಬಿಟ್ಟಳು ಅಂತ ಎಲ್ಲರೂ ಅಂದುಕೊಂಡೆವು. ಅದೂ ಇತ್ತು. ಆದರೆ ಅದಷ್ಟೇ ಅಂತ ನನಗೆ ಈಗ ಅನ್ನಿಸುವುದಿಲ್ಲ. ಮಗನ ಯೂನಿಫಾರ್ಮನ್ನು ಒಲೆಯ ಮೇಲಿಂದ ತೆಗೆದು ಮಡಚುವಾಗ ಆ ಹೊಗೆಯ ವಾಸನೆ ಮೂಗಿಗೆ ಬಡಿದರೆ, ಒಂದೊಂದು ದಿನ ಕೈ ಅಲ್ಲೇ ನಿಲ್ಲುತ್ತದೆ.

ಎಲ್ಲ ಕ್ಲಾಸೂ ಒಂದೇ ಅಲ್ಲ

ಕರಾಟೆಗೆ ಸೇರಿಸಿ, ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇದೇ ಓಲ್ವೆಯುಸ್ ಮತ್ತು ಇಂಗರ್ ಎಂಡ್ರೆಸೆನ್ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ನಾರ್ವೆಯ 11ರಿಂದ 13 ವರ್ಷದ ಹುಡುಗರನ್ನು ನೋಡಿದರು. ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವುದು, ಪೂರ್ವದೇಶಗಳ ಸಮರ ಕಲೆ, ಇಂಥವಕ್ಕೆ ಸೇರಿದ ಹುಡುಗರಲ್ಲಿ ಹೊಡೆದಾಟ ಮತ್ತು ಕೆಟ್ಟ ನಡವಳಿಕೆ ಜಾಸ್ತಿಯಾಗಿತ್ತು, ಕಡಿಮೆಯಾಗಿರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆದರೆ ಇನ್ನೊಂದು ಕಡೆಯ ಲೆಕ್ಕವೂ ಇದೆ. 2004ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮಾಮೂಲಿ ಪಿ.ಟಿ. ಪೀರಿಯಡ್ ಬದಲು ಮೂರು ತಿಂಗಳು ಟೇಕ್ವಾಂಡೋ (ಕರಾಟೆಯಂಥದ್ದೇ ಕೊರಿಯಾದ ಕಲೆ) ಕಲಿತ ಶಾಲೆಯ ಮಕ್ಕಳು ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವುದರಲ್ಲಿ, ಕ್ಲಾಸಿನ ನಡವಳಿಕೆಯಲ್ಲಿ, ಬಾಯಿಲೆಕ್ಕದಲ್ಲೂ ಮುಂದಿದ್ದರು. 1986ರಲ್ಲಿ ಮೈಕೆಲ್ ಟ್ರುಲ್ಸನ್ ಅನ್ನುವವರು ಪ್ರಕಟಿಸಿದ್ದು ಇನ್ನೂ ಸ್ಪಷ್ಟ. ದಾರಿ ತಪ್ಪಿದ ಹುಡುಗರನ್ನು ಗುಂಪು ಮಾಡಿ, ಒಂದು ಗುಂಪಿಗೆ ಧ್ಯಾನ, ಗೌರವ, ನಿಯಮ ಎಲ್ಲ ಸೇರಿಸಿ ಹಳೇ ರೀತಿಯ ಟೇಕ್ವಾಂಡೋ ಕಲಿಸಿದರು. ಇನ್ನೊಂದಕ್ಕೆ ಬರೀ ಹೊಡೆದಾಟದ ಭಾಗ. ಮೊದಲ ಗುಂಪಿನವರ ಸಿಟ್ಟು ಇಳಿಯಿತು, ಎರಡನೆಯವರದ್ದು ಏರಿತು. ಕಲೆಯ ಹೆಸರು ಒಂದೇ.

ಹಾಗಾಗಿ ಯಾವ ಕಲೆ ಅನ್ನುವುದಕ್ಕಿಂತ ಯಾರ ಕ್ಲಾಸು ಅನ್ನುವುದು ದೊಡ್ಡದು. ಕಪಾಟಿನ ಕಪ್‌ಗಳನ್ನು ನೋಡಬೇಡಿ. ಅಳುವ ಮಗುವಿನ ಜೊತೆ ಮಾಸ್ಟರ್ ಹೇಗಿರುತ್ತಾರೆ ನೋಡಿ. ಕಂದು ಬೆಲ್ಟಿನ ಹಳಬ ಹುಡುಗ ಬಿಳಿ ಬೆಲ್ಟಿನ ಹೊಸಬನ ಜೊತೆ ಜೋಡಿಯಾದಾಗ ಕೈಯನ್ನು ಎಷ್ಟು ಹಗುರ ಮಾಡುತ್ತಾನೆ ನೋಡಿ. ಬೆಲ್ಟ್ ಟೆಸ್ಟಿನ ಫೀಸು ಎಷ್ಟು ಸಲ ಕೇಳುತ್ತಾರೆ ಅನ್ನುವುದನ್ನೂ ನೋಡಿ. ಮೂರು ತಿಂಗಳಿಗೊಂದು ಬಣ್ಣ ಬದಲಾದರೆ ಅದು ಬಟ್ಟೆ ಅಂಗಡಿ. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ, ಒಳ್ಳೆಯದೇ. ಆದರೆ ಮೂರು ತಿಂಗಳಲ್ಲಿ ನಮ್ಮ ಹುಡುಗನಿಗೆ ಬಂದಿದ್ದು ಒಂದು ಕೆಮ್ಮು ಅನ್ನುವುದು ನೆನಪಿರಲಿ.

ಒಂದು ಶನಿವಾರ ಮಾವ ನಾನೂ ಬರುತ್ತೇನೆ ಅಂತ ಹೊರಟರು. ಮೊಮ್ಮಗನ ಏಟು ನೋಡಬೇಕಿತ್ತು ಅವರಿಗೆ. ಅವತ್ತು ಮಕ್ಕಳು ಮೊದಲ 'ಕತ' ಮಾಡುತ್ತಿದ್ದರು, ಗೊತ್ತುಮಾಡಿದ ಹೆಜ್ಜೆಗಳ ಸಾಲು. ಅದರ ಹೆಸರು 'ಹೇಯಾನ್ ಶೋದಾನ್'. ಹೇಯಾನ್ ಅಂದರೆ ಶಾಂತಿ, ನೆಮ್ಮದಿ. ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಒಕಿನಾವಾದ ಇತೊಸು ಅಂಕೊ ಕರಾಟೆಯನ್ನು ಶಾಲೆಯೊಳಗೆ ತಂದಾಗ ಮಕ್ಕಳಿಗೆ ಹೊಂದುವ ಹಾಗೆ ಕಟ್ಟಿದ ಸಾಲುಗಳಲ್ಲಿ ಇದೂ ಒಂದು. ಅವರ ಶಿಷ್ಯ ಗಿಚಿನ್ ಫುನಾಕೋಶಿ, ಆತನೂ ಶಾಲಾ ಮಾಸ್ಟರೇ, 1922ರಲ್ಲಿ ಇದನ್ನೆಲ್ಲ ಟೋಕಿಯೋಗೆ ಒಯ್ದರು. ಕರಾಟೆಯಲ್ಲಿ ಮೊದಲ ಏಟು ಅನ್ನುವುದು ಇಲ್ಲ ಅಂತ ಅವರ ನಿಯಮ. ಬರೀ ಮಾತಿಗೆ ಹೇಳಿದ್ದಲ್ಲ. ಮಗ ಕಲಿತ ಆ ಕತದ ಮೊದಲ ಚಲನೆಯೇ ಎಡಕ್ಕೆ ತಿರುಗಿ, ಕೆಳಗಿನಿಂದ ಬರುವ ಏಟನ್ನು ತಡೆಯುವುದು. ಆಮೇಲೆ ಇಬ್ಬಿಬ್ಬರ ಅಭ್ಯಾಸ. ಮುಷ್ಟಿ ಮುಖದ ಹತ್ತಿರ ಬಂದು ಒಂದು ಇಂಚು ಆಚೆಗೆ ನಿಲ್ಲುತ್ತಿತ್ತು. ಮಾವ ಕುರ್ಚಿಯಲ್ಲಿ ಮುಂದೆ ಸರಿದು ಕೂತರು. "ಹುತ್ತರಿ ಹೊತ್ತಿಗೆ ಮಂದ್‌ನಲ್ಲಿ ಪರಿಯ ಕಳಿ ಆಡ್ತಾರಲ್ಲ, ಅದರ ಹಾಗೇ ಇದೆಯಲ್ಲಮ್ಮ" ಅಂದರು. ಹುತ್ತರಿ ನಮ್ಮ ಸುಗ್ಗಿ ಹಬ್ಬ, ಮಂದ್ ಅಂದರೆ ಊರು ಸೇರುವ ಬಯಲು. ಆ ಆಟದಲ್ಲಿ ಒಂದು ಕೈಯಲ್ಲಿ ಗುರಾಣಿ, ಒಂದು ಕೈಯಲ್ಲಿ ಬೆತ್ತ. ಹೊಡೆಯುವುದು ಮೊಣಕಾಲಿನ ಕೆಳಗೆ ಮಾತ್ರ. "ಸಿಟ್ಟು ಬಂದು ಕೈ ಮೇಲೆ ಹೋಯ್ತು ಅಂದ್ರೆ ಅವನ ಮರ್ಯಾದೆ ಹೋದ ಹಾಗೆ. ಊರೆಲ್ಲ ನೋಡ್ತಿರುತ್ತೆ." ಮೂಗಿಗೆ ಬಿಟ್ಟು ಬಾ ಅನ್ನುವ ಮಾತು ಆಮೇಲೆ ಅವರ ಬಾಯಲ್ಲಿ ಕೇಳಲಿಲ್ಲ.

ಓಮ್ನಿ

ನವೆಂಬರ್‌ನಲ್ಲಿ ಒಂದು ಗುರುವಾರ. ನಾನು ಅಲ್ಲಿರಲಿಲ್ಲ. ಡ್ರೈವರ್ ಹೇಳಿದ್ದು, ಮಗ ಹೇಳಿದ್ದು, ಆಮೇಲೆ ಸಿಕ್ಕ ಚೂರುಪಾರು ಸೇರಿಸಿ ಹೇಳುತ್ತಿದ್ದೇನೆ. ಮಳೆ ನಿಂತಿದ್ದರಿಂದ ಕೊಡೆ ಇರಲಿಲ್ಲ. ಆ ದಿನ ಅವರು ಎಳೆದದ್ದು ಕರಾಟೆ ಬ್ಯಾಗನ್ನು. ಒಳಗಿದ್ದ ಬೆಲ್ಟ್ ಹೊರಗೆ ತೆಗೆದು ಒಬ್ಬ ತಲೆಗೆ ಕಟ್ಟಿಕೊಂಡನಂತೆ. "ಬಾ ಬ್ರೂಸ್ ಲೀ, ಹೊಡಿ" ಅಂದನಂತೆ. ನಮ್ಮವನು ಹೊಡೆಯಲಿಲ್ಲ. ಎದ್ದು ನಿಂತ. ಆ ತಿರುವಿನಲ್ಲಿ, ಓಡುತ್ತಿರುವ ಓಮ್ನಿಯಲ್ಲಿ, ಕಾಲು ಅಗಲ ಮಾಡಿ ನಿಂತು ಕೂಗಿದ. "ಬಿಡು!" ಅಂತ. ಬ ಅಕ್ಷರ ಹಿಡಿಯಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಅದು ಹೊಟ್ಟೆಯಿಂದ ಬಂದಿತ್ತು. "ಅಕ್ಕಾ, ಟೈರ್ ಒಡೀತು ಅಂತ ನಾನು ಗಾಡಿ ಸೈಡಿಗೆ ಹಾಕಿದೆ" ಅಂದರು ಡ್ರೈವರ್. ಅವರು ಹಿಂದೆ ತಿರುಗಿ "ಏನು?" ಅಂದರು. ಮಗ ಮಾತಾಡಲಿಲ್ಲ, ಕೂಗಿ ಮುಗಿದಿತ್ತು ಅವನದು. ಯಾರೂ ಮಾತಾಡಲಿಲ್ಲ. ಆಗ ಎರಡನೇ ಕ್ಲಾಸಿನ ಒಂದು ಹುಡುಗಿ, ಬಾಯಲ್ಲಿ ಚಾಕಲೇಟು ಇಟ್ಟುಕೊಂಡೇ, "ಇವರು ದಿನಾ ಮಾಡ್ತಾರೆ ಅಂಕಲ್" ಅಂದಳಂತೆ.

ನಾನು ಬಸ್ಸಿನಲ್ಲಿ ವರ್ಷಗಟ್ಟಲೆ ಕೂತೂ ಹೇಳದ ಮಾತು ಅದು. ನಾಲ್ಕೇ ನಾಲ್ಕು ಪದ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಡ್ರೈವರ್ ಆ ಇಬ್ಬರನ್ನು ಮುಂದಿನ ಸೀಟಿಗೆ, ತಮ್ಮ ಪಕ್ಕಕ್ಕೆ ತಂದು ಕೂರಿಸಿದರು. ಈ ಸಲ ನಾವು ಶಾಲೆಗೆ ಬರೆದು ಕೊಟ್ಟೆವು, ದಿನಾಂಕ ಹಾಕಿ, ಮೂರು ಕೊಡೆಯ ವಿವರ ಸೇರಿಸಿ. ಬಾಯಲ್ಲಿ ಹೇಳಿದ್ದನ್ನು ಆಟ ಅಂದು ಕಳಿಸಬಹುದು, ಬರೆದದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ. ಶಾಲೆಯಲ್ಲಿ ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ ಅಂತಲೂ ಒಂದು ಸಾಲು ಬರೆದೆವು. ಕೇಳುವವರು ಯಾರೂ ಇಲ್ಲ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ, ನಮಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ. ಆ ಹುಡುಗರು ಇವನ ಗೆಳೆಯರಾಗಲಿಲ್ಲ. ಅದೆಲ್ಲ ಕಥೆಯಲ್ಲಿ ಆಗುತ್ತದೆ. ಸುಮ್ಮನಾದರು, ಅಷ್ಟೇ. ಮಗನಿಗೆ ಈಗಲೂ ಕ ಅಕ್ಷರ ಹಿಡಿಯುತ್ತದೆ. ಕರಾಟೆ ಅನ್ನಬೇಕಾದರೆ ಒಂದು ಉಸಿರು ತೆಗೆದುಕೊಳ್ಳುತ್ತಾನೆ, ಕೇಳುವವರು ಕಾಯಬೇಕು. ಕಾಯದವರಿಗೆ ಹೇಳುವುದೇ ಇಲ್ಲ.

ಈ ವರ್ಷ ಜೂನ್‌ನಲ್ಲಿ ನಾಲ್ಕನೇ ಕೊಡೆ ಕೊಡಿಸಿದೆ. ಹೋದ ವಾರ ಅದೂ ಉಲ್ಟಾ ಆಗಿ ಎರಡು ಕಡ್ಡಿ ಮುರಿದುಕೊಂಡು ಮನೆಗೆ ಬಂತು. ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. "ಗಾಳಿ" ಅಂದ. ಇನ್ನೊಂದು ಸಲ ಕೇಳಿದೆ. "ಅಮ್ಮಾ, ನಿಜವಾಗ್ಲೂ ಗಾಳಿ" ಅಂತ ನಕ್ಕು, ಒದ್ದೆ ಶೂ ಒದ್ದು ಬಿಚ್ಚಿ ಒಳಗೆ ಓಡಿದ. ಆದರೂ ನಾನು ಅಂಗಳಕ್ಕೆ ಇಳಿದು ಬಾಳೆ ಎಲೆ ನೋಡಿ ಬಂದೆ. ಹರಿದು ಚಿಂದಿಯಾಗಿತ್ತು.